ಮೊದಲ ಬಾರಿಗೆ ಲಗ್ನದ ಚಿತ್ರ ತೆಗೆಯಲು ಒಪ್ಪಿಕೊಂಡಿದ್ದೇನೆ: ಹೇಗೆ ಸಿದ್ಧನಾಗಬೇಕು?

ನವನಗರದ ಕ್ಯಾಮೆರಾ (ಬಾಗಲಕೋಟೆ):

ಎಲ್ಲರಿಗೂ ಶರಣು. ನಾನು ನಾಲ್ಕು ವರ್ಷಗಳಿಂದ ರಜೆಯ ದಿನಗಳಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಿಗೆ ಹೋಗಿ ಗುಡಿಗಳ ಮತ್ತು ಶಿಲ್ಪಗಳ ಚಿತ್ರ ತೆಗೆಯುತ್ತಾ ಬಂದಿದ್ದೇನೆ. ಆ ಚಿತ್ರಗಳನ್ನು ನೋಡಿದ ಗೆಳೆಯನೊಬ್ಬ ತನ್ನ ತಂಗಿಯ ಲಗ್ನದ ಚಿತ್ರಗಳನ್ನು ನಾನೇ ತೆಗೆಯಬೇಕೆಂದು ಕೇಳಿದ್ದಾನೆ. ಲಗ್ನ ಬಸವ ಜಯಂತಿಯ ಮರುವಾರ, ಹುನಗುಂದ ತಾಲ್ಲೂಕಿನ ಅವರ ಊರಿನಲ್ಲಿ, ಮನೆಯ ಮುಂದಿನ ಹಂದರದಲ್ಲಿಯೇ ಇದೆ. ಅಕ್ಕಿಕಾಳು, ಅಂದರೆ ಅಕ್ಷತೆ ಹಾಕುವ ಮುಹೂರ್ತ, ಮಧ್ಯಾಹ್ನ 12 ಗಂಟೆ 30 ನಿಮಿಷಕ್ಕೆ ಎಂದು ಲಗ್ನಪತ್ರಿಕೆಯಲ್ಲಿ ಅಚ್ಚಾಗಿದೆ. ಸಂಜೆ ಊರಿನ ಸಮುದಾಯ ಭವನದಲ್ಲಿ ಆರತಕ್ಷತೆ.

ನನ್ನಲ್ಲಿರುವುದು 24 ಮೆಗಾಪಿಕ್ಸೆಲ್‌ನ ಒಂದು ಕ್ಯಾಮೆರಾ, ಅದರೊಂದಿಗೆ ಬಂದ 18-55 ಲೆನ್ಸು ಮತ್ತು ಎಫ್ 1.8ರಷ್ಟು ಅಗಲಕ್ಕೆ ತೆರೆಯುವ 50 ಎಂಎಂ ಲೆನ್ಸು. ಫ್ಲ್ಯಾಶ್ ಇಲ್ಲ. ಕಲ್ಲಿನ ಶಿಲ್ಪದ ಮುಂದೆ ಬಿಸಿಲು ಇಳಿಯುವ ತನಕ ಎರಡು ತಾಸು ಬೇಕಾದರೂ ಕೂಡಬಹುದು, ಆದರೆ ತಾಳಿ ಕಟ್ಟುವ ಗಳಿಗೆ ನನಗಾಗಿ ನಿಲ್ಲುವುದಿಲ್ಲ ಎಂಬ ಅಂಜಿಕೆಯಿಂದ ನಿದ್ದೆ ಸರಿಯಾಗಿ ಹತ್ತುತ್ತಿಲ್ಲ. ಯಾವ ಲೆನ್ಸು ಕೊಳ್ಳಬೇಕು, ಯಾವ ಸೆಟ್ಟಿಂಗ್ ಇಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಗುಮ್ಮಟದೂರಿನ ಹಳೆಯ ಸ್ಟುಡಿಯೊ (ವಿಜಯಪುರ):

ತಮ್ಮಾ, ನಾನು ರೀಲಿನ ಕಾಲದಿಂದ ಲಗ್ನದ ಚಿತ್ರ ತೆಗೆಯುತ್ತಿದ್ದೇನೆ. ಒಂದು ರೀಲಿಗೆ 36 ಚಿತ್ರ, ಒಂದು ಲಗ್ನಕ್ಕೆ ಐದಾರು ರೀಲು ಎಂಬ ಲೆಕ್ಕದಲ್ಲಿ ಕೆಲಸ ಕಲಿತವನು. ಆಗ ಗುಂಡಿ ಒತ್ತುವ ಮೊದಲು ಮುಂದೆ ಏನು ನಡೆಯುತ್ತದೆ ಎಂಬುದು ಗೊತ್ತಿರಲೇಬೇಕಾಗಿತ್ತು, ಏಕೆಂದರೆ ತಪ್ಪಿದ ಒಂದು ಚಿತ್ರಕ್ಕೂ ದುಡ್ಡು ಬೀಳುತ್ತಿತ್ತು. ಆದ್ದರಿಂದ ಲೆನ್ಸಿನ ಮಾತನ್ನು ಆಮೇಲೆ ಆಡೋಣ. ಲಗ್ನಕ್ಕೆ ಎಂಟು ಹತ್ತು ದಿನ ಇರುವಾಗಲೇ ನೀನು ಆ ಮನೆಗೆ ಹೋಗಿ, ಅಲ್ಲಿಯ ಹಿರಿಯ ಹೆಣ್ಣುಮಗಳೊಬ್ಬರ ಹತ್ತಿರ ಒಂದು ತಾಸು ಕುಳಿತು, ಅವರ ಮನೆಯ ಪದ್ಧತಿಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ ಬರೆದುಕೋ. ಹಂದರದ ಹಾಲಗಂಬ ಯಾವಾಗ ನೆಡುತ್ತಾರೆ, ಐರಾಣಿ ಗಡಿಗೆ ತರಲು ಕುಂಬಾರರ ಮನೆಗೆ ಎಷ್ಟು ಹೊತ್ತಿಗೆ ಹೊರಡುತ್ತಾರೆ, ದೇವರ ಊಟ ಎಂದು, ಅರಿಷಿಣ ಹಚ್ಚುವುದು ಮತ್ತು ಸುರಗಿಯ ನೀರು ಹಾಕುವುದು ಒಂದೇ ದಿನವೋ ಬೇರೆ ಬೇರೆ ದಿನವೋ, ವೀರಭದ್ರ ದೇವರ ಗುಗ್ಗಳದ ಮೆರವಣಿಗೆ ಇದೆಯೋ ಇಲ್ಲವೋ, ಇವೆಲ್ಲ ಊರಿಂದ ಊರಿಗೆ, ಒಂದೇ ಊರಿನಲ್ಲಿ ಮನೆಯಿಂದ ಮನೆಗೆ ಬದಲಾಗುತ್ತವೆ. ಲಗ್ನಪತ್ರಿಕೆಯಲ್ಲಿ ಅಚ್ಚಾಗುವುದು ಅಕ್ಕಿಕಾಳಿನ ವೇಳೆ ಒಂದೇ. ಉಳಿದದ್ದೆಲ್ಲ ಆ ತಾಯಂದಿರ ಬಾಯಲ್ಲಿದೆ.

ಹೋದಾಗ ಹಂದರದ ಜಾಗವನ್ನು ಮಧ್ಯಾಹ್ನ ಹನ್ನೆರಡೂವರೆಗೇ ನೋಡು. ಸೂರ್ಯ ನೆತ್ತಿಯ ಮೇಲಿರುತ್ತಾನೆ, ಹಂದರದ ಅಂಚಿನಲ್ಲಿ ಬಿಸಿಲು, ಒಳಗೆ ನೆರಳು. ಮದುಮಕ್ಕಳನ್ನು ಅಂಚಿನಲ್ಲಿ ಕೂರಿಸಿದರೆ ಅರ್ಧ ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ. ಜಗುಲಿಯನ್ನು ನಾಲ್ಕಡಿ ಒಳಗೆ ಹಾಕಿಸಿ ಎಂದು ಮನೆಯವರನ್ನು ಮೊದಲೇ ಕೇಳಿಕೊಂಡರೆ ಅವರು ಇಲ್ಲವೆನ್ನುವುದಿಲ್ಲ. ಲಗ್ನದ ದಿನ ಕೇಳಿದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಇನ್ನು ಬಟ್ಟೆಯ ಮಾತು. ನಮ್ಮ ಕಡೆ ಶಾಮಿಯಾನ ಎಂದರೆ ಕೆಂಪು ಹಳದಿ ಪಟ್ಟಿಯ ಬಟ್ಟೆ. ಅದನ್ನು ದಾಟಿ ಬರುವ ಬೆಳಕು ಬಟ್ಟೆಯ ಬಣ್ಣವನ್ನೇ ಹೊತ್ತು ತರುತ್ತದೆ, ಕುಳಿತವರ ಹಣೆ ಕೆಂಪಗೆ, ಕೆನ್ನೆ ಹಳದಿಗೆ ತಿರುಗುತ್ತದೆ. ಸಾಧ್ಯವಾದರೆ ಜಗುಲಿಯ ಮೇಲ್ಭಾಗಕ್ಕಾದರೂ ಬಿಳಿ ಬಟ್ಟೆ ಕಟ್ಟಿಸು. ಆಗದಿದ್ದರೆ ರಾ ಕಡತದಲ್ಲಿಯೇ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಕಡತ) ಚಿತ್ರ ತೆಗೆದು, ಅದೇ ಬೆಳಕಿನಲ್ಲಿ ಕುಳಿತ ಹಿರಿಯರೊಬ್ಬರ ಬಿಳಿ ಧೋತರದ ಮೇಲೆ ವೈಟ್ ಬ್ಯಾಲೆನ್ಸ್ ಹಿಡಿದುಕೋ, ಬಿಳಿ ಬಿಳಿಯಾಗಿಯೇ ಬರುವಂತೆ ಬಣ್ಣ ಹೊಂದುತ್ತದೆ. ಫ್ಲ್ಯಾಶನ್ನು ಬಾಡಿಗೆಗೆ ತಂದರೂ ಅದನ್ನು ಮೇಲಿನ ಬಟ್ಟೆಗೆ ಹೊಡೆಯಬೇಡ, ಕೆಂಪು ಬಟ್ಟೆಗೆ ಬಡಿದ ಬೆಳಕು ಕೆಂಪಾಗಿಯೇ ಮರಳುತ್ತದೆ. ಒಬ್ಬ ಹುಡುಗನ ಕೈಯಲ್ಲಿ ಬಿಳಿ ಥರ್ಮೊಕೋಲ್ ಹಲಗೆ ಕೊಟ್ಟು, ಹಂದರದ ಹೊರಗಿನ ಬಿಸಿಲು ಅದರ ಮೇಲೆ ಬಿದ್ದು ಮದುಮಕ್ಕಳ ಮುಖಕ್ಕೆ ತಿರುಗುವಂತೆ ಹಿಡಿಸಿದರೆ, ಆ ಮಧ್ಯಾಹ್ನಕ್ಕೆ ಅದಕ್ಕಿಂತ ಒಳ್ಳೆಯ ದೀಪ ಬೇಕಾಗುವುದಿಲ್ಲ.

ಸಂಜೆಯ ಭವನದಲ್ಲಿ ತೊಂದರೆ ಬೇರೆ. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು, ಹೀಗಾಗಿ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಕಣ್ಣಿಗೆ ಅದು ಕಾಣುವುದಿಲ್ಲ, ಆದರೆ ಶಟರನ್ನು ಸೆಕೆಂಡಿನ 1/250 ಭಾಗಕ್ಕೆ ಅಥವಾ ಅದಕ್ಕಿಂತ ವೇಗವಾಗಿ ಇಟ್ಟರೆ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಮೂಡುತ್ತವೆ. ಅಲ್ಲಿ 1/100ರಲ್ಲಿ ನಿಲ್ಲು. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಅಳತೆ) 3200ಕ್ಕೆ ಏರಿದರೂ ಚಿಂತೆಯಿಲ್ಲ, ಸ್ವಲ್ಪ ಕಾಳುಕಾಳಾದ ಚಿತ್ರವನ್ನು ಜನ ಒಪ್ಪುತ್ತಾರೆ, ಅಲುಗಿದ ಮುಖವನ್ನು ಒಪ್ಪುವುದಿಲ್ಲ.

ಗೋಕಾಕದ ಓದುಗ:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಒಂದೇ ಕ್ಯಾಮೆರಾ ಇರುವವರು ಲಗ್ನದ ಹೊಣೆಯನ್ನು ಒಬ್ಬರೇ ಹೊರಬಾರದು. ಕ್ಯಾಮೆರಾ ಕೈಕೊಟ್ಟರೆ ಆ ಹುಡುಗಿಗೆ ಇನ್ನೊಂದು ದಿನವನ್ನು ತಂದುಕೊಡಲು ಯಾರಿಂದಲೂ ಆಗುವುದಿಲ್ಲ. ಒಂದೆರಡು ಲಗ್ನಗಳಲ್ಲಿ ಅನುಭವಿಗಳ ಜೊತೆ ಸಹಾಯಕರಾಗಿ ನಿಂತು, ಆಮೇಲೆ ಒಪ್ಪಿಕೊಳ್ಳುವುದು ಸರಿ ಎನ್ನಿಸುತ್ತದೆ.

ನವನಗರದ ಕ್ಯಾಮೆರಾ:

ನಿಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಗೆಳೆಯನಿಗೂ ಇದನ್ನೇ ಹೇಳಿದೆ. ಪರಿಚಯದ ಸ್ಟುಡಿಯೊಗಳೆಲ್ಲ ಈ ಲಗ್ನಸರಾಯಿಗೆ ಬೇರೆ ಕಡೆ ಮಾತು ಕೊಟ್ಟಿದ್ದಾರೆ, ಉಳಿದವರು ಕೇಳುವ ದರ ಆ ಮನೆಗೆ ಭಾರವಾಗುತ್ತದೆ. ನಾನು ಒಪ್ಪದಿದ್ದರೆ ಮೊಬೈಲಿನಲ್ಲಿ ತೆಗೆದ ಚಿತ್ರಗಳೇ ಗತಿ. ಆದ್ದರಿಂದ ಎರಡನೆಯ ಕ್ಯಾಮೆರಾವನ್ನು ಮತ್ತು ಒಂದು ಫ್ಲ್ಯಾಶನ್ನು ಮೂರು ದಿನಕ್ಕೆ ಬಾಡಿಗೆಗೆ ತರಲು ನಿರ್ಧರಿಸಿದ್ದೇನೆ. ಮುಂದಿನ ಭಾನುವಾರ ಪರಿಚಿತರೊಬ್ಬರ ಲಗ್ನದಲ್ಲಿ ಅಲ್ಲಿಯ ಛಾಯಾಗ್ರಾಹಕರ ಅಪ್ಪಣೆ ಪಡೆದು ಹಿಂದೆ ನಿಂತು ನೋಡುವವನಿದ್ದೇನೆ.

ಬೆಳಗಾವಿಯ ಅಕ್ಕ:

ತಮ್ಮಾ, ನಾನು ಛಾಯಾಗ್ರಾಹಕಿ ಅಲ್ಲ. ಹನ್ನೊಂದು ವರ್ಷದ ಹಿಂದೆ ಮದುಮಗಳಾಗಿ ಕುಳಿತವಳು. ನನ್ನ ಮಾತು ನಿಮಗೆ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ನಮ್ಮ ಲಗ್ನದ ಚಿತ್ರಗಳನ್ನು ತೆಗೆದವರು ಒಳ್ಳೆಯ ಕೆಲಸಗಾರರೇ. ಆದರೆ ಎಲ್ಲ ಚಿತ್ರಗಳನ್ನು ಒಂದೇ ಹಾರ್ಡ್ ಡಿಸ್ಕಿಗೆ ಹಾಕಿ, ಮರುದಿನದ ಲಗ್ನಕ್ಕೆಂದು ಕಾರ್ಡುಗಳನ್ನು ಅಳಿಸಿಬಿಟ್ಟಿದ್ದರು. ಹದಿನೈದು ದಿನಗಳಲ್ಲಿ ಆ ಡಿಸ್ಕು ಕೆಟ್ಟಿತು. ಪುಣೆಯವರೆಗೂ ಕಳಿಸಿ ನೋಡಿದರು, ಸಿಗಲಿಲ್ಲ. ನಮ್ಮಪ್ಪ ನನ್ನ ಲಗ್ನವಾದ ಎರಡನೆಯ ವರ್ಷ ತೀರಿಕೊಂಡರು. ಅವರು ಜರಿಯಂಚಿನ ರುಮಾಲು ಸುತ್ತಿಕೊಂಡು ಬೀಗರನ್ನು ಎದುರುಗೊಂಡ ದೃಶ್ಯ ಈಗ ನನ್ನ ಕಣ್ಣಲ್ಲಿ ಮಾತ್ರ ಇದೆ. ಸೋದರಮಾವನ ಮೊಬೈಲಿನಲ್ಲಿದ್ದ ನಾಲ್ಕು ಚಿತ್ರಗಳಲ್ಲಿ ಅಪ್ಪ ಒಂದರಲ್ಲಿಯೂ ಇಲ್ಲ. ನಾನು ಯಾರ ಮೇಲೂ ಸಿಟ್ಟು ಇಟ್ಟುಕೊಂಡಿಲ್ಲ. ನೀವು ಮಾತ್ರ ಅದೇ ರಾತ್ರಿ, ಎಷ್ಟೇ ದಣಿದಿದ್ದರೂ, ಎರಡು ಬೇರೆ ಬೇರೆ ಕಡೆ ಪ್ರತಿ ಮಾಡಿಯೇ ಮಲಗಿ.

ಇನ್ನೊಂದು ಮಾತು. ಲಗ್ನದ ಮನೆಯಲ್ಲಿ ತಾಯಿ ಎಲ್ಲಿರುತ್ತಾಳೆ ಎಂಬುದನ್ನು ಗಮನಿಸಿ. ಅವಳು ಅಡುಗೆಯ ಕಡೆ, ಉಗ್ರಾಣದ ಕಡೆ, ಉಡುಗೊರೆಯ ಆಹೇರಿ ಬಟ್ಟೆಗಳ ಗಂಟಿನ ಕಡೆ ಓಡಾಡುತ್ತಿರುತ್ತಾಳೆ, ಜಗುಲಿಯ ಹತ್ತಿರ ಬರುವುದೇ ಕಡಿಮೆ. ಗಂಡನನ್ನು ಕಳೆದುಕೊಂಡ ತಾಯಿಯಾಗಿದ್ದರಂತೂ ತಾಳಿಯ ಹೊತ್ತಿಗೆ ಅನೇಕ ಮನೆಗಳಲ್ಲಿ ಅವಳು ತಾನಾಗಿಯೇ ಒಳಕೋಣೆಗೆ ಸರಿದು ನಿಲ್ಲುತ್ತಾಳೆ. ಆ ಪದ್ಧತಿ ಸರಿಯಲ್ಲ ಎಂದು ನಾನು ನಂಬಿದ್ದೇನೆ. ಲಗ್ನದ ದಿನ ಅದನ್ನು ತಿದ್ದುವ ಕೆಲಸ ನಿಮ್ಮ ಕೈಯಲ್ಲಿಲ್ಲದಿದ್ದರೂ, ಬೆಳಿಗ್ಗೆ ಮಗಳ ಹಣೆಗೆ ದಂಡಿ (ಬಾಸಿಂಗ) ಕಟ್ಟುವ ಮೊದಲು ತಾಯಿ ಮಗಳನ್ನು ಕಿಟಕಿಯ ಬೆಳಕಿನಲ್ಲಿ ಹತ್ತು ನಿಮಿಷ ಕೂರಿಸಿ ಚಿತ್ರ ತೆಗೆಯುವುದು ನಿಮ್ಮ ಕೈಯಲ್ಲಿದೆ.

ಸುರಗಿಯ ಚಿತ್ರಗಳ ಬಗ್ಗೆಯೂ ಹೇಳಬೇಕು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ದಾರ ಸುತ್ತಿ, ನಡುವೆ ಕೂರಿಸಿ ನೀರು ಹಾಕುವಾಗ ಹುಡುಗಿಯ ಬಟ್ಟೆ ಪೂರ್ತಿ ತೊಯ್ದಿರುತ್ತದೆ. ಯಾವ ಹಂತದವರೆಗೆ ಚಿತ್ರ ತೆಗೆಯಬಹುದು ಎಂದು ಅವಳನ್ನೇ ಮೊದಲೇ ಕೇಳಿ, ಅವಳ ಅಣ್ಣನನ್ನಲ್ಲ. ಅವಳು ಒಪ್ಪದೆ ಒಂದು ಚಿತ್ರವನ್ನೂ ಇನ್‌ಸ್ಟಾಗ್ರಾಮಿಗೆ ಹಾಕಬೇಡಿ.

ನವನಗರದ ಕ್ಯಾಮೆರಾ:

ಅಕ್ಕಾವರೇ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಗೆಳೆಯನ ತಂದೆ ತೀರಿಕೊಂಡು ಆರು ವರ್ಷವಾಗಿದೆ. ತಾಯಿಯವರು ತಾಳಿಯ ಹೊತ್ತಿಗೆ ಎಲ್ಲಿರುತ್ತಾರೆ ಎಂಬ ವಿಚಾರ ನನಗೆ ಹೊಳೆದೇ ಇರಲಿಲ್ಲ.

ಜಮಖಂಡಿ ವಿಡಿಯೊ:

ವಿಡಿಯೊ ತೆಗೆಯುವವರು ಬೇರೆಯವರಾಗಿದ್ದರೆ ಹಿಂದಿನ ದಿನವೇ ಅವರಿಗೆ ಫೋನ್ ಮಾಡಿ ಮಾತಾಡಿಕೊಳ್ಳಿ. ತಾಳಿಯ ಹೊತ್ತಿಗೆ ಇಬ್ಬರೂ ಒಂದೇ ಜಾಗಕ್ಕೆ ನುಗ್ಗಿದರೆ ಇಬ್ಬರ ಕೆಲಸವೂ ಕೆಡುತ್ತದೆ.

ನನ್ನ ಅನುಭವದಲ್ಲಿ ತಾಳಿಯ ಚಿತ್ರಕ್ಕೆ ಜಾಗ ಹೀಗಿರಬೇಕು. ಮದುಮಗ ಎರಡೂ ಕೈಗಳನ್ನು ಮದುಮಗಳ ಕೊರಳಿನ ಹಿಂದಕ್ಕೆ ಒಯ್ಯುತ್ತಾನೆ, ಅವನ ಅಕ್ಕನೋ ತಂಗಿಯೋ ಹಿಂದಿನಿಂದ ಜಡೆಯನ್ನು ಮತ್ತು ಹೂವಿನ ಹಾರವನ್ನು ಎತ್ತಿ ಹಿಡಿಯುತ್ತಾಳೆ. ನೀವು ಮದುಮಗಳ ಎದುರಿಗೆ, ಮದುಮಗ ಇಲ್ಲದ ಬದಿಗೆ ಒಂದು ಹೆಜ್ಜೆ ಸರಿದು, ಅರ್ಧ ಅಡಿ ಎತ್ತರದಲ್ಲಿ ನಿಂತರೆ ಅವಳ ಮುಖ, ಅವನ ಮುಖ, ಗಂಟು ಹಾಕುವ ಬೆರಳುಗಳು ಮೂರೂ ಸಿಗುತ್ತವೆ. ಜಡೆ ಎತ್ತುವ ಆ ಹೆಣ್ಣುಮಗಳಿಗೆ ‘ಅಕ್ಕಾ, ಮೊಣಕೈ ಸ್ವಲ್ಪ ಕೆಳಗೆ ಇರಲಿ’ ಎಂದು ಮೊದಲೇ ಹೇಳಿರಬೇಕು. ಇಲ್ಲದಿದ್ದರೆ ಆಲ್ಬಮಿನಲ್ಲಿ ಉಳಿಯುವುದು ಅವರ ಬಳೆಗಳ ಚಿತ್ರವೇ. ಮದುಮಕ್ಕಳ ನಡುವೆ ಅಂತರಪಟ ಹಿಡಿಯುವ ಮನೆಯಾದರೆ ಬಟ್ಟೆಯ ಎದುರಿಗೆ ನಿಲ್ಲದೆ ಅದರ ಅಂಚಿನ ನೇರಕ್ಕೆ ನಿಲ್ಲಿ, ಆಚೆಯ ಮುಖವೂ ಈಚೆಯ ಮುಖವೂ ಒಂದೇ ಚೌಕಟ್ಟಿನಲ್ಲಿ ಬರುತ್ತವೆ.

ನಿಮ್ಮ 50 ಎಂಎಂ ಲೆನ್ಸನ್ನು ಎಫ್ 1.8ರಲ್ಲಿಯೇ ಇಟ್ಟುಕೊಳ್ಳುವ ಆಸೆ ಬೇಡ. ನಿಮ್ಮಂಥ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ, ಎರಡು ಮೀಟರ್ ದೂರಕ್ಕೆ, ಸ್ಪಷ್ಟವಾಗಿ ಕಾಣುವ ಆಳ ಸುಮಾರು 11 ಸೆಂಟಿಮೀಟರ್ ಮಾತ್ರ. ಮದುಮಗಳ ಕಣ್ಣು ಸ್ಪಷ್ಟವಾದರೆ ಮದುಮಗ ಮಸುಕಾಗುತ್ತಾನೆ. ಲೆನ್ಸಿನ ಬಾಯನ್ನು ಕಿರಿದು ಮಾಡಿ ಎಫ್ 4ಕ್ಕೆ ಇಟ್ಟರೆ ಆ ಆಳ ಸುಮಾರು 25 ಸೆಂಟಿಮೀಟರ್ ಆಗುತ್ತದೆ, ಇಬ್ಬರೂ ಅದರೊಳಗೆ ಕೂಡುತ್ತಾರೆ. ಮಧ್ಯಾಹ್ನದ ಹಂದರದಲ್ಲಿ ಅದಕ್ಕೆ ಬೇಕಾದಷ್ಟು ಬೆಳಕು ಇರುತ್ತದೆ.

ಅಕ್ಕಿಕಾಳು ಬೀಳುವಾಗ ಕಾಳುಗಳು ಗಾಳಿಯಲ್ಲಿ ನಿಂತಂತೆ ಕಾಣಬೇಕಾದರೆ ಶಟರ್ 1/500ಕ್ಕಿಂತ ಕೆಳಗೆ ಇಳಿಯಬಾರದು. ಲೆನ್ಸಿನ ಮುಂದೆ ಮರೆಯಾಗುವ ಹುಡ್ ಹಾಕಿಕೊಳ್ಳುವುದನ್ನು ಮರೆಯಬೇಡಿ, ಮದುಮಕ್ಕಳ ಹಿಂದಿನಿಂದ ಎಸೆದ ಕಾಳು ನೇರವಾಗಿ ಗಾಜಿಗೆ ಬಡಿಯುತ್ತದೆ.

ಹುನಗುಂದ ಕಡೆಯ ಅಯ್ಯನವರು:

ಶರಣು. ನಾನು ಲಗ್ನ ಮಾಡಿಸುವವನು. ಈಚೆಗೆ ಕೆಲವು ಛಾಯಾಗ್ರಾಹಕರು ಮಂತ್ರದ ನಡುವೆ ‘ಇನ್ನೊಮ್ಮೆ ತಾಳಿ ಹಿಡಿಯಿರಿ’ ಎಂದು ಕೂಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಟ್ಟಿದ ತಾಳಿಯನ್ನು ಚಿತ್ರಕ್ಕಾಗಿ ಮತ್ತೆ ಹಿಡಿಸುವುದು ಮನೆಯವರ ಮನಸ್ಸಿಗೆ ನೋವಾಗುವ ಸಂಗತಿ. ಪಂಚಕಳಶಕ್ಕೆ ಸುತ್ತಿದ ದಾರವನ್ನು ದಾಟಬೇಡಿ, ಜಗುಲಿಗೆ ಚಪ್ಪಲಿ ಬೇಡ. ಮೇ ತಿಂಗಳ ನೆಲ ಕಾದಿರುತ್ತದೆ, ದಪ್ಪನೆಯ ಕಾಲುಚೀಲ ಹಾಕಿಕೊಂಡರೆ ಯಾರ ಆಕ್ಷೇಪಣೆಯೂ ಇರುವುದಿಲ್ಲ. ಬೆಳಿಗ್ಗೆಯೇ ಬಂದು ನನ್ನಂಥವರನ್ನು ಮಾತಾಡಿಸಿದರೆ ತಾಳಿಗೆ ಮುಂಚೆ ಯಾವ ಮಂತ್ರ ಬರುತ್ತದೆ ಎಂಬುದನ್ನು ಹೇಳುತ್ತೇವೆ, ಕಣ್ಸನ್ನೆಯನ್ನೂ ಮಾಡುತ್ತೇವೆ.

ಗುಮ್ಮಟದೂರಿನ ಹಳೆಯ ಸ್ಟುಡಿಯೊ:

ಅಯ್ಯನವರು ಹೇಳಿದ್ದು ಬಂಗಾರದಂಥ ಮಾತು. ಕಣ್ಸನ್ನೆ ಮಾಡುವ ಅಯ್ಯನವರೊಬ್ಬರು ಸಿಕ್ಕರೆ ಅರ್ಧ ಲಗ್ನ ಗೆದ್ದಂತೆ.

ನಾನು ಬಿಟ್ಟಿದ್ದ ಕೆಲವು ಮಾತುಗಳನ್ನು ಈಗ ಬರೆಯುತ್ತೇನೆ. 24 ಮೆಗಾಪಿಕ್ಸೆಲ್‌ನ ಒಂದು ರಾ ಕಡತ ಸುಮಾರು 25 ಎಂಬಿ ಎಂದು ಹಿಡಿದರೂ 1,800 ಚಿತ್ರಗಳಿಗೆ 45 ಜಿಬಿ ಬೇಕು. ದೊಡ್ಡ ಕಾರ್ಡು ಒಂದರ ಬದಲು 32 ಜಿಬಿಯ ಮೂರು ನಾಲ್ಕು ಕಾರ್ಡು ಇಟ್ಟುಕೋ, ಒಂದು ಕೆಟ್ಟರೆ ಇಡೀ ಲಗ್ನ ಹೋಗುವುದಿಲ್ಲ. ತುಂಬಿದ ಕಾರ್ಡು ಎಡಗಿಸೆಗೆ, ಖಾಲಿ ಕಾರ್ಡು ಬಲಗಿಸೆಗೆ, ಈ ರೂಢಿಯನ್ನು ಇವತ್ತಿನಿಂದಲೇ ಮಾಡಿಕೋ. ಎರಡು ಕ್ಯಾಮೆರಾಗಳ ಗಡಿಯಾರವನ್ನು ಒಂದೇ ವೇಳೆಗೆ ಹೊಂದಿಸು. ಹೊಂದಿಸದಿದ್ದರೆ ಆಮೇಲೆ ಚಿತ್ರಗಳನ್ನು ಜೋಡಿಸುವಾಗ ತಾಳಿಗೆ ಮುಂಚೆಯೇ ಊಟ ಬಂದು ಕೂರುತ್ತದೆ.

ಇಳಕಲ್ ಸೀರೆಯ ಬಗ್ಗೆ ಒಂದು ಎಚ್ಚರಿಕೆ ಹೇಳುತ್ತೇನೆ, ಏಕೆಂದರೆ ಹುನಗುಂದ ಇಳಕಲ್ಲಿಗೆ ಕೂಗಳತೆಯ ಊರು, ಹಂದರದ ತುಂಬ ಅದೇ ಸೀರೆ ಇರುತ್ತದೆ. ತೋಪುತೆನೆ ವಿನ್ಯಾಸದ ಕೆಂಪು ಸೆರಗು ಬಿಸಿಲಿಗೆ ಬಿದ್ದಾಗ ಕ್ಯಾಮೆರಾದಲ್ಲಿ ಬೆಳಕಿನ ಹಂಚಿಕೆ ತೋರಿಸುವ ಸಾಮಾನ್ಯ ಹಿಸ್ಟೋಗ್ರಾಮ್ ನಕ್ಷೆ ‘ಎಲ್ಲ ಸರಿಯಿದೆ’ ಎಂದು ತೋರಿಸಿದರೂ ಕೆಂಪು ಬಣ್ಣವೊಂದೇ ಅಳತೆ ಮೀರಿರುತ್ತದೆ. ಆಮೇಲೆ ನೋಡಿದರೆ ಸೆರಗಿನ ನೇಯ್ಗೆ ಮಾಯವಾಗಿ ಕೆಂಪು ರಾಡಿಯಂತೆ ಕಾಣುತ್ತದೆ. ಮೂರು ಬಣ್ಣಗಳನ್ನು ಬೇರೆ ಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮನ್ನು ಕ್ಯಾಮೆರಾದಲ್ಲಿ ತೆರೆದಿಟ್ಟುಕೊಂಡು, ಕೆಂಪು ಗೆರೆ ಬಲಗೋಡೆಗೆ ತಾಗಿದರೆ ಬೆಳಕನ್ನು ಅರ್ಧ ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸು. ನೇಕಾರ ದಿನಗಟ್ಟಲೆ ಕುಳಿತು ನೇಯ್ದ ಸೆರಗು ಅದು, ಚಿತ್ರದಲ್ಲಿ ಅದರ ಎಳೆ ಕಾಣಲೇಬೇಕು.

ದುಡ್ಡಿನ ಮಾತನ್ನು ಗೆಳೆಯನೆಂದು ಬಿಡಬೇಡ. ಆಲ್ಬಮಿನ ಖರ್ಚು ಯಾರದು, ಎಷ್ಟು ದಿನಕ್ಕೆ ಕೊಡುತ್ತೀ, ಇವುಗಳನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಒಡೆತನ ತೆಗೆಸಿದವರದು, ಬೇರೆ ಕರಾರು ಇದ್ದರೆ ಮಾತ್ರ ಅದು ಬದಲಾಗುತ್ತದೆ. ನಿನ್ನ ಕೆಲಸವನ್ನು ನಾಲ್ಕು ಜನರಿಗೆ ತೋರಿಸಲು ಯಾವ ಚಿತ್ರಗಳನ್ನು ಬಳಸಬಹುದು ಎಂಬುದನ್ನೂ ಆ ಹಾಳೆಯಲ್ಲಿಯೇ ಬರೆಸಿಕೋ.

ಬೀಗರ ಗುಂಪುಚಿತ್ರಗಳಿಗೆ ಯಾದಿ ಬೇಕು. ಹೆಸರು ಕೂಗಲು ದೊಡ್ಡ ದನಿಯ ಚಿಕ್ಕಮ್ಮನೋ ಸೋದರತ್ತೆಯೋ ಒಬ್ಬರನ್ನು ಗೊತ್ತು ಮಾಡಿಕೋ, ನಿನಗೆ ಯಾರ ಸಂಬಂಧ ಏನು ಎಂಬುದು ತಿಳಿಯುವುದಿಲ್ಲ. ಒಂದು ಗುಂಪಿಗೆ ಎರಡು ನಿಮಿಷ ಎಂದರೂ ಇಪ್ಪತ್ತು ಗುಂಪಿಗೆ ನಲವತ್ತು ನಿಮಿಷವಾಯಿತು. ದೂರದ ಬೀಗರು ಉಂಡ ಕೂಡಲೇ ಕ್ರೂಸರ್ ಗಾಡಿ ಹತ್ತುತ್ತಾರೆ, ಅವರದು ಮೊದಲು.

ನವನಗರದ ಕ್ಯಾಮೆರಾ (ಲಗ್ನದ ನಾಲ್ಕು ದಿನಗಳ ನಂತರ):

ಎಲ್ಲ ಹಿರಿಯರಿಗೂ ಅಕ್ಕಾವರಿಗೂ ಶರಣು. ಲಗ್ನ ಚೆನ್ನಾಗಿ ನೆರವೇರಿತು. ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಗೆಳೆಯನ ಅಜ್ಜಿಯ ಹತ್ತಿರ ಕುಳಿತು ಬರೆದುಕೊಂಡ ಯಾದಿ ಎರಡು ಹಾಳೆ ತುಂಬಿತ್ತು. ಐರಾಣಿ ತರಲು ಬೆಳಗಿನ ಆರೂವರೆಗೆ ಹೊರಡುತ್ತಾರೆ ಎಂಬುದು ಅಜ್ಜಿ ಹೇಳದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ, ಗೆಳೆಯನಿಗೇ ಅದು ಗೊತ್ತಿರಲಿಲ್ಲ. ಕರಡಿ ಮಜಲಿನ ವಾದ್ಯಗಳ ಸದ್ದಿನ ಹಿಂದೆ, ತಲೆಯ ಮೇಲೆ ಗಡಿಗೆ ಹೊತ್ತು ಬರುವ ಹೆಣ್ಣುಮಕ್ಕಳ ಸಾಲಿನ ಮೇಲೆ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ತೆಗೆದ ಚಿತ್ರಗಳು ನನಗೆ ಎಲ್ಲಕ್ಕಿಂತ ಹಿಡಿಸಿದವು.

ಜಗುಲಿಯ ಮೇಲೆ ಬಿಳಿ ಬಟ್ಟೆ ಕಟ್ಟಿಸಿದ್ದೆವು, ಬಣ್ಣದ ತೊಂದರೆ ಬಹುಪಾಲು ತಪ್ಪಿತು. ಅಯ್ಯನವರು ನಿಜವಾಗಿಯೂ ಕಣ್ಸನ್ನೆ ಮಾಡಿದರು. ತಾಳಿಯ ಹೊತ್ತಿಗೆ ಹನ್ನೊಂದು ಚಿತ್ರ ತೆಗೆದೆ, ಅದರಲ್ಲಿ ನಾಲ್ಕರಲ್ಲಿ ಇಬ್ಬರ ಮುಖವೂ ಬೆರಳುಗಳೂ ಸ್ಪಷ್ಟವಾಗಿವೆ. ಉಳಿದವುಗಳಲ್ಲಿ ಯಾರದೋ ಮೊಬೈಲು ಅಡ್ಡ ಬಂದಿದೆ. ಸಂಜೆ ಭವನದಲ್ಲಿ ಗಡಿಬಿಡಿಯಲ್ಲಿ ಶಟರನ್ನು 1/500ರಲ್ಲಿಯೇ ಬಿಟ್ಟಿದ್ದೆ, ಮೊದಲ ಇಪ್ಪತ್ತು ಚಿತ್ರಗಳಲ್ಲಿ ಪಟ್ಟಿಗಳು ಬಂದವು. ಮದುಮಗನ ಸೋದರಮಾವನ ಮನೆಯವರ ಗುಂಪುಚಿತ್ರ ಯಾದಿಯಲ್ಲಿದ್ದರೂ ತಪ್ಪಿಹೋಯಿತು, ನಾನು ಇನ್ನೊಂದು ಗುಂಪನ್ನು ನಿಲ್ಲಿಸುವಷ್ಟರಲ್ಲಿ ಅವರ ಗಾಡಿ ಹೊರಟಿತ್ತು. ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದ್ದೇನೆ. ಬೀಗರ ಊಟದ ದಿನ ಬರುತ್ತಾರಂತೆ, ಆವತ್ತು ತೆಗೆಯುತ್ತೇನೆ.

ಅಕ್ಕಾವರೇ, ಬೆಳಿಗ್ಗೆ ಎಂಟು ಗಂಟೆಗೆ ತಾಯಿ ಮಗಳನ್ನು ಪಡಸಾಲೆಯ ಕಿಟಕಿಯ ಹತ್ತಿರ ಕೂರಿಸಿದೆ. ತಾಯಿಯವರು ಮೊದಲು ‘ನನ್ನದೇನು ಚಿತ್ರ, ಹುಡುಗಿಯದು ತೆಗಿರಿ’ ಎಂದರು. ಮಗಳೇ ಅವರ ಕೈ ಹಿಡಿದು ಎಳೆದುಕೊಂಡಳು. ತಾಯಿ ತಮ್ಮ ಸೆರಗಿನ ತುದಿಯಿಂದ ಮಗಳ ಕೆನ್ನೆಗೆ ಅಂಟಿದ್ದ ಒಣ ಅರಿಷಿಣವನ್ನು ಒರೆಸುತ್ತಿದ್ದರು, ಆಗ ನಾನು ಏನೂ ಹೇಳದೆ ಚಿತ್ರ ತೆಗೆಯುತ್ತಾ ಹೋದೆ. ಮಧ್ಯಾಹ್ನ ತಾಳಿಯ ಹೊತ್ತಿಗೆ ಅವರು ಒಳಕೋಣೆಯ ಬಾಗಿಲ ಮರೆಯಲ್ಲಿಯೇ ನಿಂತಿದ್ದರು.

ಬೆಳಗಾವಿಯ ಅಕ್ಕ:

ಒಳ್ಳೆಯದಾಯಿತು ತಮ್ಮಾ. ಪ್ರತಿ ಮಾಡಿದ್ದೀರಷ್ಟೆ?

ನವನಗರದ ಕ್ಯಾಮೆರಾ:

ಹೌದು ಅಕ್ಕಾವರೇ. ಆ ರಾತ್ರಿ ಎರಡು ಗಂಟೆಯವರೆಗೆ ಕುಳಿತು ಲ್ಯಾಪ್‌ಟಾಪಿಗೂ ಹೊರಗಿನ ಡಿಸ್ಕಿಗೂ ಪ್ರತಿ ಮಾಡಿದೆ. ಡಿಸ್ಕನ್ನು ಗೆಳೆಯನ ಮನೆಯ ಟ್ರಂಕಿನಲ್ಲಿ ಇಟ್ಟಿದ್ದಾರೆ. ಕಾರ್ಡುಗಳು ನಾಲ್ಕೂ ಹಾಗೆಯೇ ಇವೆ, ಆಲ್ಬಮ್ ಅವರ ಕೈ ಸೇರಿದ ಮೇಲೆಯೇ ಅಳಿಸುತ್ತೇನೆ.